ಅಪ್ಪನ ಹೆಸರು ಶನಿವಾರ, ಮಗನ ಹೆಸರು ಧಣಿಯದು

ತುಳುನಾಡಿನಲ್ಲಿ ಹಿಂದೆ, ಅದರಲ್ಲೂ ಬೇರೆಯವರ ಗದ್ದೆಯಲ್ಲಿ ದುಡಿಯುತ್ತಿದ್ದ ಜನರಲ್ಲಿ, ಮಗು ಹುಟ್ಟಿದ ವಾರವೇ ಅದರ ಹೆಸರಾಗುತ್ತಿತ್ತು. ಭಾನುವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ, ಇವತ್ತಿನ ಘಾನಾದಲ್ಲಿ, ಅಕಾನ್ ಜನರದ್ದೂ ಇದೇ ಪದ್ಧತಿ. ಅಲ್ಲಿ ಶನಿವಾರ ಹುಟ್ಟಿದ ಗಂಡುಮಗ ಕ್ವಾಮೆ ಅಥವಾ ಕ್ವಾಮೆನಾ. ನಮ್ಮ ತನಿಯನೂ ಅವರ ಕ್ವಾಮೆನಾನೂ ಅರ್ಥದಲ್ಲಿ ಒಂದೇ ಹೆಸರು.

ಅಂಥ ಒಬ್ಬ ಕ್ವಾಮೆನಾನನ್ನು ಹಡಗಿಗೆ ತುಂಬಿ ಅಟ್ಲಾಂಟಿಕ್ ದಾಟಿಸಿ, ದಕ್ಷಿಣ ಅಮೆರಿಕದ ಉತ್ತರ ಅಂಚಿನ ಡೆಮರಾರಾ ಎಂಬ ಸೀಮೆಯಲ್ಲಿ ಮಾರಿದರು. ಅವನು ಸಕ್ಸೆಸ್ ಎಂಬ ಕಬ್ಬಿನ ಎಸ್ಟೇಟಿನಲ್ಲಿ ಬಡಗಿಗಳ ಮುಖ್ಯಸ್ಥನಾದ. ದಾಖಲೆಗಳಲ್ಲಿ ಅವನ ಹೆಸರು ಕ್ವಾಮಿನಾ. ಅವನ ಮಗ ಪೀಪಾಯಿ ಮಾಡುವ ಕಸುಬಿನವನು, ಹೆಸರು ಜಾಕ್ ಗ್ಲ್ಯಾಡ್‌ಸ್ಟನ್. ಗ್ಲ್ಯಾಡ್‌ಸ್ಟನ್ ಅನ್ನುವುದು ಆ ಎಸ್ಟೇಟಿನ ಧಣಿಯ ಮನೆತನದ ಹೆಸರು. ಆ ಧಣಿಗೂ ಒಬ್ಬ ಮಗನಿದ್ದ, ವಿಲಿಯಂ ಎವರ್ಟ್ ಗ್ಲ್ಯಾಡ್‌ಸ್ಟನ್. ಮುಂದೆ ನಾಲ್ಕು ಸಲ ಬ್ರಿಟನ್ನಿನ ಪ್ರಧಾನಿಯಾದವನು.

ಒಂದು ಎಸ್ಟೇಟು, ಎರಡು ತಂದೆ-ಮಗನ ಜೋಡಿ. ಒಂದು ಜೋಡಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ, ಊರೂರಲ್ಲಿ ಪ್ರತಿಮೆ ನಿಲ್ಲಿಸಿದ್ದಾರೆ. ಇನ್ನೊಂದು ಜೋಡಿ ನಮಗೆ ಸಿಗುವುದು ಬಹುತೇಕ ಕೋರ್ಟಿನ ಕಾಗದಗಳಲ್ಲಿ. ಡೆಮರಾರಾ ಈಗಿನ ಗಯಾನಾ ದೇಶದ ಭಾಗ. ಕ್ರಿಕೆಟ್ ನೋಡುವ ನಮಗೆ ಅದು ರೋಹನ್ ಕನ್ಹಾಯ್, ಆಲ್ವಿನ್ ಕಾಳಿಚರಣ್, ಶಿವನಾರಾಯಣ್ ಚಂದರ್‌ಪಾಲ್ ಅವರ ನಾಡು. ಆ ಹೆಸರುಗಳು ಅಲ್ಲಿಗೆ ಹೇಗೆ ಹೋದವು ಎಂಬ ಪ್ರಶ್ನೆಗೆ ಉತ್ತರವೂ ಇದೇ ಮನೆತನದ ಲೆಕ್ಕದ ಪುಸ್ತಕದಲ್ಲಿದೆ. ಅದಕ್ಕೇ ಇದು ದೂರದ ಕತೆ ಅಂತ ನನಗೆ ಅನ್ನಿಸುವುದಿಲ್ಲ.

ತೋಟ ನೋಡದೆಯೇ ತೋಟದ ಒಡೆಯ

ಜಾನ್ ಗ್ಲ್ಯಾಡ್‌ಸ್ಟನ್ ಹುಟ್ಟಿದ್ದು 1764ರಲ್ಲಿ, ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ. ಅಪ್ಪ ದವಸದ ವ್ಯಾಪಾರಿ. 1787ರಲ್ಲಿ ಲಿವರ್‌ಪೂಲಿಗೆ ಬಂದು ತಾನೂ ದವಸದ ವ್ಯಾಪಾರಕ್ಕೆ ಇಳಿದ. ಆ ಕಾಲದ ಲಿವರ್‌ಪೂಲ್ ಗುಲಾಮರ ವ್ಯಾಪಾರದ ದೊಡ್ಡ ಬಂದರು. ಜಾನ್ ಬುದ್ಧಿವಂತ, ಶ್ರಮಜೀವಿ, ಚರ್ಚಿಗೆ ತಪ್ಪದೆ ಹೋಗುವವನು. ಭಾರತದ ವ್ಯಾಪಾರದ ಮೇಲೆ ಈಸ್ಟ್ ಇಂಡಿಯಾ ಕಂಪನಿಗಿದ್ದ ಏಕಸ್ವಾಮ್ಯ 1813ರಲ್ಲಿ ಮುರಿದ ಕೂಡಲೇ, ಮರುವರ್ಷ ಲಿವರ್‌ಪೂಲಿನಿಂದ ಕಲ್ಕತ್ತಕ್ಕೆ ಹೊರಟ ಮೊದಲ ಹಡಗು ಕಿಂಗ್ಸ್‌ಮಿಲ್ ಇವನದೇ. ಆ ಕಲ್ಕತ್ತದ ನಂಟು ಮುಂದೆ ಏನು ಮಾಡಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ದವಸದ ವ್ಯಾಪಾರಿ ಕಬ್ಬಿನ ತೋಟದ ಒಡೆಯನಾದದ್ದು ಹೇಗೆ? ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳೆಗಾರ ಮಂಡಿಯಲ್ಲಿ ಮುಂಗಡ ತರುತ್ತಾನೆ, ಬೆಳೆಯನ್ನು ಅದೇ ಮಂಡಿಗೆ ಹಾಕುತ್ತಾನೆ, ಬಡ್ಡಿ ಮತ್ತು ಕಮಿಷನ್ ಮುರಿದು ಉಳಿದದ್ದು ಕೈಗೆ ಬರುತ್ತದೆ. ವೆಸ್ಟ್ ಇಂಡೀಸಿನಲ್ಲೂ ನಡೆದದ್ದು ಇದೇ. ಲಿವರ್‌ಪೂಲಿನ ವ್ಯಾಪಾರಿ ತೋಟದವನಿಗೆ ಸಾಲ ಕೊಡುತ್ತಿದ್ದ. ಸಕ್ಕರೆ ಅವನ ಹಡಗಿನಲ್ಲೇ, ಅವನ ವಿಮೆಯಲ್ಲೇ, ಅವನ ಗೋದಾಮಿಗೇ ಬರಬೇಕಿತ್ತು. ಎರಡು ವರ್ಷ ಬೆಳೆ ಕೈಕೊಟ್ಟರೆ ಅಡಮಾನದ ತೋಟ ವ್ಯಾಪಾರಿಯ ಪಾಲು. ಅಡಮಾನದ ಪತ್ರದಲ್ಲಿ ನೆಲ, ಗಾಣ, ಕೊಪ್ಪರಿಗೆ, ಹೇಸರಗತ್ತೆಗಳ ಸಾಲಿನಲ್ಲೇ ಮನುಷ್ಯರೂ ಇರುತ್ತಿದ್ದರು ಎಂಬುದೊಂದೇ ನಮ್ಮ ಮಂಡಿಗೂ ಅದಕ್ಕೂ ವ್ಯತ್ಯಾಸ, ಮತ್ತು ಎಲ್ಲ ವ್ಯತ್ಯಾಸವೂ ಅದರಲ್ಲೇ ಇದೆ.

1803ರಲ್ಲಿ ಜಾನ್ ಡೆಮರಾರಾದ ಬೆಲ್ಮಾಂಟ್ ಎಂಬ ಎಸ್ಟೇಟಿನ ಮೇಲೆ ಸಾಲ ಕೊಟ್ಟ. 1812ರಲ್ಲಿ ಸಕ್ಸೆಸ್ ಎಸ್ಟೇಟಿನ ಅರ್ಧ ಪಾಲು ಅವನದಾಯಿತು, 1816ರಲ್ಲಿ ಪೂರ್ತಿ. ಮೊದಲು ಅಲ್ಲಿ ಕಾಫಿ ಬೆಳೆಯುತ್ತಿದ್ದರು. ಜಾನ್ ಅದನ್ನು ಕಿತ್ತು ಕಬ್ಬು ಹಾಕಿಸಿದ, ಗುಲಾಮರ ಸಂಖ್ಯೆಯನ್ನು ಮುನ್ನೂರರ ಮೇಲಕ್ಕೆ ಏರಿಸಿದ. ಇಷ್ಟೆಲ್ಲ ಮಾಡಿದವನು ಡೆಮರಾರಾದ ನೆಲಕ್ಕೆ ಒಮ್ಮೆಯೂ ಕಾಲಿಡಲಿಲ್ಲ. ಎಲ್ಲವೂ ಪತ್ರದ ಮೂಲಕ. ಹಡಗು ಮುಟ್ಟಲು ಒಂದೂವರೆ ತಿಂಗಳೋ ಎರಡು ತಿಂಗಳೋ, ಉತ್ತರಕ್ಕೆ ಮತ್ತಷ್ಟು. ಫ್ರೆಡೆರಿಕ್ ಕಾರ್ಟ್ ಎಂಬ ಏಜೆಂಟ್ ಅಲ್ಲಿ ಇವನ ಪರವಾಗಿ ಎಲ್ಲ ನೋಡಿಕೊಳ್ಳುತ್ತಿದ್ದ. ಆಳುಗಳು ಸುಖವಾಗಿದ್ದಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ ಎಂಬ ಒಕ್ಕಣೆಯನ್ನು ನಂಬಿ, ಜಾನ್ ಲಿವರ್‌ಪೂಲಿನ ಪತ್ರಿಕೆಗಳಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿ ಉದ್ದುದ್ದ ಬರೆದ. ಗುಲಾಮಗಿರಿ ವಿರೋಧಿಸುತ್ತಿದ್ದ ಜೇಮ್ಸ್ ಕ್ರಾಪರ್ ಎಂಬ ವ್ಯಾಪಾರಿಯ ಜೊತೆ ಅವನು ನಡೆಸಿದ ವಾದ ತಿಂಗಳುಗಟ್ಟಲೆ ಸಾಗಿತು.

ನನ್ನ ಮಟ್ಟಿಗೆ ಈ ಮನೆತನದ ಕತೆಯಲ್ಲಿ ಎಲ್ಲಕ್ಕಿಂತ ಗಾಬರಿ ಹುಟ್ಟಿಸುವ ಸಂಗತಿ ಇದು. ಚಾವಟಿ ಹಿಡಿದವನು ಒಬ್ಬ, ಲಾಭ ಉಂಡವನು ಇನ್ನೊಬ್ಬ, ನಡುವೆ ಏಳು ಸಾವಿರ ಕಿಲೊಮೀಟರ್ ನೀರು. ಉಂಡವನಿಗೆ ಚಾವಟಿಯ ಸದ್ದು ಕೇಳಲೇ ಇಲ್ಲ.

ಸಮುದ್ರದಿಂದ ಕಿತ್ತ ನೆಲ

ಗಯಾನಾದ ಕರಾವಳಿ ಉಬ್ಬರದ ಹೊತ್ತಿನ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಡಚ್ಚರು ಮೊದಲು ಅಲ್ಲಿ ವಸಾಹತು ಕಟ್ಟಿದರು, ಇಂಗ್ಲಿಷರು 1803ರಲ್ಲಿ ಹಿಡಿದರು, 1814ರಲ್ಲಿ ಅದು ಒಪ್ಪಂದದ ಪ್ರಕಾರ ಅವರದೇ ಆಯಿತು. ಅಘನಾಶಿನಿ ಕಡೆಯ ಗಜನಿ ಗದ್ದೆ ಕಂಡವರಿಗೆ ಅಲ್ಲಿಯ ವ್ಯವಸಾಯ ಬೇಗ ಅರ್ಥವಾಗುತ್ತದೆ. ಉಪ್ಪುನೀರು ಒಳಗೆ ಬರದಂತೆ ದಂಡೆ, ದಂಡೆಯಲ್ಲೊಂದು ಬಾಗಿಲು. ಇಳಿತದ ಹೊತ್ತಿಗೆ ಬಾಗಿಲು ತೆಗೆದು ಒಳಗಿನ ಮಳೆನೀರು ಬಿಡಬೇಕು, ಉಬ್ಬರ ಬರುವ ಮುಂಚೆ ಮುಚ್ಚಬೇಕು. ಅಲ್ಲಿ ಆ ಬಾಗಿಲಿಗೆ ಕೋಕರ್ ಅನ್ನುತ್ತಾರೆ. ಪ್ರತಿ ಎಸ್ಟೇಟೂ ಸಮುದ್ರದ ಕಡೆ ಕಿರಿದಾಗಿ, ಹಿಂದೆ ಕಾಡಿನವರೆಗೂ ಉದ್ದಕ್ಕೆ ಚಾಚಿದ ಪಟ್ಟಿ. ಮುಂದೆ ಸಮುದ್ರದ ದಂಡೆ, ಹಿಂದೆ ಜೌಗಿನ ನೀರು ತಡೆಯುವ ದಂಡೆ, ನಡುವೆ ಕಬ್ಬು.

ಆ ಕಾಲುವೆಗಳ ಲೆಕ್ಕ ಕೇಳಿ. ಪ್ರತಿ ಚದರ ಮೈಲಿ ಕಬ್ಬಿಗೆ 49 ಮೈಲಿ ಬಸಿಗಾಲುವೆ, ಅದರ ಜೊತೆಗೆ ನೀರುಣಿಸಲು ಮತ್ತು ದೋಣಿಯಲ್ಲಿ ಕಬ್ಬು ಸಾಗಿಸಲು 16 ಮೈಲಿ ಎತ್ತರದ ಕಾಲುವೆ. ಇಪ್ಪತ್ತನೆಯ ಶತಮಾನದ ನಡುವೆ ಸಕ್ಕರೆ ಉದ್ಯಮವನ್ನು ಪರಿಶೀಲಿಸಿದ ಸರ್ಕಾರಿ ಆಯೋಗ ಅಂದಾಜು ಮಾಡಿದಂತೆ, ಇಷ್ಟನ್ನು ಅಗೆಯಲು ಗುಲಾಮರು ಕೈಯಿಂದ ಎತ್ತಿ ಹಾಕಿದ ಮಣ್ಣು ಕಡಿಮೆಯೆಂದರೂ 10 ಕೋಟಿ ಟನ್. ಅದೂ ನೀರು ಕುಡಿದ ಜೇಡಿ. ಸೊಂಟದವರೆಗೆ ಕೆಸರಿನಲ್ಲಿ ನಿಂತು, ಸಲಿಕೆಯಲ್ಲಿ.

ಕಬ್ಬು ಕಡಿಯುವ ಕಾಲ ಬಂದರೆ ಇನ್ನೊಂದು ನರಕ. ಮಂಡ್ಯದ ಆಲೆಮನೆ ಕಂಡವರಿಗೆ ಗೊತ್ತು, ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆಯುವುದರೊಳಗೆ ಅರೆಯಬೇಕು, ಅರೆದ ಹಾಲನ್ನು ಆಗಲೇ ಕೊಪ್ಪರಿಗೆಗೆ ಹಾಕಬೇಕು, ಇಲ್ಲದಿದ್ದರೆ ಹುಳಿಯುತ್ತದೆ. ನಮ್ಮಲ್ಲಿ ಒಂದು ಆಲೆಮನೆಯಲ್ಲಿ ಕೆಲವೇ ಜನ ಮಾಡುವ ಈ ಕೆಲಸವನ್ನು ನೂರಾರು ಎಕರೆಯ ಅಳತೆಗೆ ಹಿಗ್ಗಿಸಿ ನೋಡಿ. ಗಾಣ ರಾತ್ರಿಯೂ ತಿರುಗುತ್ತಿತ್ತು. ಹಗಲು ಗದ್ದೆಯಲ್ಲಿ ಕಡಿದವರೇ ರಾತ್ರಿ ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ತೂಕಡಿಸಿ ಬೆರಳು ಉರುಳೆಗೆ ಸಿಕ್ಕಿದರೆ ಕೈಯೇ ಒಳಗೆ ಹೋಗುತ್ತಿತ್ತು. ಅದಕ್ಕೆಂದೇ ವೆಸ್ಟ್ ಇಂಡೀಸಿನ ಗಾಣಗಳ ಪಕ್ಕದಲ್ಲಿ ಒಂದು ಕೊಡಲಿ ಇಡುತ್ತಿದ್ದರು, ತೋಳು ಕತ್ತರಿಸಿ ಜೀವ ಉಳಿಸಲು. ಸಾಲಾಗಿ ಕುದಿಯುವ ಕೊಪ್ಪರಿಗೆಗಳ ಮುಂದೆ ನೊರೆ ತೆಗೆಯುತ್ತ, ದೊಡ್ಡದರಿಂದ ಚಿಕ್ಕದಕ್ಕೆ ಪಾಕ ತೋಡುತ್ತ ನಿಂತವರ ಮೈಮೇಲೆ ಸುಟ್ಟ ಕಲೆಗಳು. ಆಮೇಲೆ ಆರಿದ ಸಕ್ಕರೆಯನ್ನು ಪೀಪಾಯಿಗೆ ತುಂಬಬೇಕು. ಪೀಪಾಯಿಯಿಲ್ಲದೆ ಒಂದು ಹಿಡಿ ಸಕ್ಕರೆಯೂ ಲಿವರ್‌ಪೂಲ್ ಮುಟ್ಟುವುದಿಲ್ಲ. ಜಾಕ್‌ನಂಥ ಕಸುಬುದಾರನಿಗೆ ಎಸ್ಟೇಟಿನಲ್ಲಿ ಕೊಂಚ ಓಡಾಟದ ಸಲಿಗೆ ಇದ್ದದ್ದು ಈ ಕಾರಣಕ್ಕೇ. ಆ ಓಡಾಟವೇ ಮುಂದೆ ದಂಗೆಯ ಸುದ್ದಿ ಹಬ್ಬಿಸಲು ಒದಗಿತು.

ರಾಜ ಕೊಟ್ಟರೂ ಧಣಿ ಕೊಡಲಿಲ್ಲ

ಸಕ್ಸೆಸ್ ಪಕ್ಕದ ಲ ರೆಸೂವನೀರ್ ಎಸ್ಟೇಟಿನಲ್ಲಿ ಬೆತೆಲ್ ಎಂಬ ಪ್ರಾರ್ಥನಾ ಮಂದಿರವಿತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಸ್ಮಿತ್ 1817ರಲ್ಲಿ ಅಲ್ಲಿಗೆ ಬಂದ. ಬಂದ ಹೊಸತರಲ್ಲೇ ಗವರ್ನರ್ ಜಾನ್ ಮರ್ರೇ ಅವನಿಗೆ ಎಚ್ಚರಿಕೆ ಕೊಟ್ಟ: ಒಬ್ಬ ಕರಿಯನಿಗೆ ಓದು ಕಲಿಸಿದ್ದು ನನ್ನ ಕಿವಿಗೆ ಬಿದ್ದರೂ ನಿನ್ನನ್ನು ಗಡಿಪಾರು ಮಾಡುತ್ತೇನೆ. ಕ್ವಾಮಿನಾ ಆ ಮಂದಿರದ ಮುಖ್ಯ ಡೀಕನ್, ಅಂದರೆ ಪಾದ್ರಿಗೆ ನೆರವಾಗುವ ಹಿರಿಯ, ಆದ. ಭಾನುವಾರ ಸುತ್ತಲಿನ ಎಸ್ಟೇಟುಗಳ ಜನ ಅಲ್ಲಿ ಸೇರುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಲು, ಮಾರಿಹೋದ ಅಣ್ಣತಮ್ಮಂದಿರ ಸುದ್ದಿ ಕೇಳಲು ಅವರಿಗಿದ್ದದ್ದು ಅದೊಂದೇ ಜಾಗ. 1823ರ ಮೇ ತಿಂಗಳಲ್ಲಿ ಗವರ್ನರ್ ಅದಕ್ಕೂ ಕಟ್ಟು ಹಾಕಿದ. ಮ್ಯಾನೇಜರ್ ಬರೆದುಕೊಟ್ಟ ಚೀಟಿಯಿಲ್ಲದೆ ಯಾರೂ ಪ್ರಾರ್ಥನೆಗೆ ಹೋಗುವಂತಿಲ್ಲ.

ಕ್ವಾಮಿನಾನ ಹೆಂಡತಿ ಪೆಗ್ಗಿ. ಆಕೆ ಕಾಯಿಲೆ ಬಿದ್ದಳು. ಹತ್ತಿರ ಕೂತು ನೋಡಿಕೊಳ್ಳಲು ಅವನಿಗೆ ರಜೆ ಸಿಗಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು, ಕತ್ತಲಾದ ಮೇಲೆ ಬರಬೇಕು. ಒಂದು ರಾತ್ರಿ ಮನೆಗೆ ಬಂದಾಗ ಪೆಗ್ಗಿ ಸತ್ತು ಮಲಗಿದ್ದಳು. ಎಸ್ಟೇಟಿನ ಮರಗೆಲಸವನ್ನೆಲ್ಲ ನಡೆಸುತ್ತಿದ್ದವನು, ಮಂದಿರದಲ್ಲಿ ನೂರಾರು ಜನ ಮಾತು ಕೇಳುತ್ತಿದ್ದವನು, ಹೆಂಡತಿಯ ಬಾಯಿಗೆ ಕೊನೆಯ ಗುಟುಕು ನೀರು ಬಿಡಲು ಅಪ್ಪಣೆ ಇಲ್ಲದವನು.

ಅದೇ 1823ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಗುಲಾಮರ ಸ್ಥಿತಿ ಸುಧಾರಿಸುವ ಠರಾವು ಮಾಡಿತು. ಹೆಂಗಸರಿಗೆ ಚಾವಟಿಯೇಟು ಕೂಡದು, ಗದ್ದೆಗೆ ಚಾವಟಿ ಒಯ್ಯಬಾರದು, ಇತ್ಯಾದಿ. ಆ ಆದೇಶ ಡೆಮರಾರಾ ಮುಟ್ಟಿತು. ತೋಟದ ಧಣಿಗಳೇ ತುಂಬಿದ್ದ ಆಡಳಿತ ಮಂಡಳಿ ಅದನ್ನು ಹೊರಗೆ ಹೇಳದೆ ಕೂತಿತು. ಆದರೆ ಊಟ ಬಡಿಸುವವರಿಗೆ ಕಿವಿ ಇರುತ್ತದಲ್ಲ. ಧಣಿಗಳ ಮನೆಯೊಳಗಿನ ಮಾತು ಹೊರಗಿನ ಗುಡಿಸಲಿಗೆ ಬರುವಷ್ಟರಲ್ಲಿ ಸುದ್ದಿ ಹೀಗಾಗಿತ್ತು: ರಾಜ ನಮಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ, ಇವರು ಬಚ್ಚಿಟ್ಟಿದ್ದಾರೆ.

ಆಗಸ್ಟ್ 18, ಸೋಮವಾರ, ಸಕ್ಸೆಸ್ ಎಸ್ಟೇಟಿನಲ್ಲಿ ದಂಗೆ ಎದ್ದಿತು. ಮುಂದೆ ನಿಂತವನು ಜಾಕ್. ಅಪ್ಪನಿಗೆ ದುಡುಕುವುದು ಬೇಡವೆಂದಿತ್ತು, ಮಗ ಕಾಯಲು ತಯಾರಿರಲಿಲ್ಲ. ಕೆಲವೇ ಗಂಟೆಗಳಲ್ಲಿ ಹತ್ತಾರು ಎಸ್ಟೇಟುಗಳ ಸುಮಾರು 10,000 ಜನ ಎದ್ದರು. ಅವರು ಮಾಡಿದ್ದನ್ನು ಗಮನಿಸಬೇಕು. ಮ್ಯಾನೇಜರುಗಳನ್ನು ಹಿಡಿದು, ತಮ್ಮ ಕಾಲಿಗೆ ಹಾಕುತ್ತಿದ್ದ ಅದೇ ಮರದ ಕೋಳಕ್ಕೆ ಅವರ ಕಾಲು ತೂರಿಸಿ ಬೀಗ ಹಾಕಿದರು. ಇಡೀ ದಂಗೆಯಲ್ಲಿ ಸತ್ತ ಬಿಳಿಯರು ಇಬ್ಬರೋ ಮೂವರೋ. ಹತ್ತು ಸಾವಿರ ಜನರ ಕೈಯಲ್ಲಿ ಕಬ್ಬು ಕಡಿಯುವ ಕತ್ತಿಗಳಿದ್ದವು ಎಂಬುದು ನೆನಪಿರಲಿ.

ಮರ್ರೇ ದಾರಿಯಲ್ಲಿ ಒಂದು ಗುಂಪನ್ನು ತಡೆದು ಏನು ಬೇಕೆಂದು ಕೇಳಿದ. ನಮ್ಮ ಹಕ್ಕು ಎಂದರು. ಅವನು ಹೊಸ ಸುಧಾರಣೆಗಳ ವಿಷಯ ಹೇಳಿದ. ಅದರಿಂದ ನಮಗೆ ಸಮಾಧಾನವಿಲ್ಲ, ದೇವರು ನಮ್ಮನ್ನೂ ಬಿಳಿಯರನ್ನೂ ಒಂದೇ ರಕ್ತಮಾಂಸದಿಂದ ಮಾಡಿದ್ದಾನೆ, ಗುಲಾಮರಾಗಿ ಸಾಕಾಗಿದೆ, ಇನ್ನು ದುಡಿಯುವುದಿಲ್ಲ ಎಂದರು. ಈ ಮಾತು ಉಳಿದಿರುವುದು ಮರ್ರೇಯೇ ಲಂಡನ್ನಿಗೆ ಬರೆದ ವರದಿಯಲ್ಲಿ. ಇವರ ಬಾಯಿಮಾತು ಕೂಡ ಅವರ ವೈರಿಯ ಲೇಖನಿಯಿಂದಲೇ ನಮಗೆ ಬರಬೇಕಾಯಿತು.

20ರಂದು ಬ್ಯಾಚಲರ್ಸ್ ಅಡ್ವೆಂಚರ್ ಎಂಬ ಎಸ್ಟೇಟಿನ ಬಳಿ ಸುಮಾರು ಎರಡು ಸಾವಿರ ಜನರ ಎದುರು ಕರ್ನಲ್ ಲೀಹಿಯ ಸೈನಿಕರು ಬಂದು ನಿಂತರು. ಆಯುಧ ಕೆಳಗಿಡಲು ಸ್ವಲ್ಪ ಹೊತ್ತು ಕೊಟ್ಟು, ಆಮೇಲೆ ಗುಂಡು ಹಾರಿಸಿದರು. ದಂಗೆಯಲ್ಲಿ ಒಟ್ಟು ಸತ್ತ ಗುಲಾಮರ ಸಂಖ್ಯೆ ಇನ್ನೂರರ ಆಸುಪಾಸು. ಆಮೇಲೆ ವಿಚಾರಣೆಯ ಹೆಸರಿನಲ್ಲಿ ಹತ್ತಾರು ಮಂದಿಯನ್ನು ನೇಣಿಗೇರಿಸಿ, ತಲೆಗಳನ್ನು ಕಂಬಕ್ಕೆ ಸಿಗಿಸಿದರು. ಕ್ವಾಮಿನಾ ಕಾಡಿಗೆ ಹೋಗಿದ್ದ. ಸೆಪ್ಟೆಂಬರ್ 16ರಂದು ಜಾಡು ಹಿಡಿದು ಗುಂಡಿಕ್ಕಿದರು. ಹೆಣವನ್ನು ಸಕ್ಸೆಸ್ ಎಸ್ಟೇಟಿನ ಮುಂದಿನ ರಸ್ತೆಗೆ ತಂದು, ಸರಪಳಿ ಬಿಗಿದು ನೇತುಹಾಕಿದರು. ತಿಂಗಳುಗಟ್ಟಲೆ ಅದು ಅಲ್ಲೇ ತೂಗಿತು. ಹೊಟ್ಟೆಯ ಪೊಳ್ಳಿನಲ್ಲಿ ಕಣಜ ಗೂಡು ಕಟ್ಟಿತ್ತೆಂದು ಆ ಕಾಲದವರು ಬರೆದಿಟ್ಟಿದ್ದಾರೆ. ಅವನು ತಾನೇ ಹಲಗೆ ಹೊಡೆದು ಕಟ್ಟಿದ ಕಟ್ಟಡಗಳ ಎದುರಿಗೇ. ಜಾಕ್‌ನನ್ನು ಕೊಲ್ಲಲಿಲ್ಲ, ಸೇಂಟ್ ಲೂಸಿಯಾ ದ್ವೀಪಕ್ಕೆ ಗಡಿಪಾರು ಮಾಡಿದರು.

ಮಿಷನರಿ ಸ್ಮಿತ್‌ನಿಗೆ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಲಂಡನ್ನಿನಿಂದ ಕ್ಷಮಾದಾನ ಬಂದು ಮುಟ್ಟುವ ಮುಂಚೆ, 1824ರ ಫೆಬ್ರವರಿ 6ರಂದು ಜೈಲಿನಲ್ಲೇ ಕ್ಷಯದಿಂದ ಸತ್ತ. ಇಂಗ್ಲೆಂಡಿನಲ್ಲಿ ಗದ್ದಲವೆದ್ದದ್ದು ಆಗ. ಪಾರ್ಲಿಮೆಂಟಿನಲ್ಲಿ ಚರ್ಚೆ, ಊರೂರಿಂದ ಅರ್ಜಿ. ಗುಲಾಮಗಿರಿ ವಿರೋಧಿ ಚಳವಳಿಗೆ ಅದು ಬಲ ಕೊಟ್ಟದ್ದು ನಿಜ. ಆದರೆ ಇನ್ನೂರು ಕರಿಯರ ಸಾವು ಕಲಕದ ಮನಸ್ಸನ್ನು ಒಬ್ಬ ಬಿಳಿಯನ ಸಾವು ಕಲಕಿತು. ಆ ನೋವು ದೊಡ್ಡದು, ಅದನ್ನು ಹೇಳದೆ ಮುಂದೆ ಹೋಗಲು ನನಗಾಗದು.

ಪರಿಹಾರ ಯಾರಿಗೆ?

ದಂಗೆಯಿಂದ ಜಾನ್ ಹಿಂದೆ ಸರಿಯಲಿಲ್ಲ. ಮೂರೇ ವರ್ಷದಲ್ಲಿ, 1826ರಲ್ಲಿ, ವ್ರೀಡನ್‌ಹೂಪ್ ಎಂಬ ದೊಡ್ಡ ಎಸ್ಟೇಟನ್ನು 80,000 ಪೌಂಡಿಗೆ ಕೊಂಡ, ನಾನೂರಕ್ಕೂ ಹೆಚ್ಚು ಮನುಷ್ಯರ ಸಮೇತ. ಡಚ್ ಭಾಷೆಯಲ್ಲಿ ಆ ಹೆಸರಿಗೆ ಶಾಂತಿ ಮತ್ತು ಭರವಸೆ ಎಂದರ್ಥ. 1833ರಲ್ಲಿ ಪಾರ್ಲಿಮೆಂಟಿನಲ್ಲಿ ಹೌವಿಕ್ ಎಂಬ ಸದಸ್ಯ ಇದೇ ವ್ರೀಡನ್‌ಹೂಪಿನಲ್ಲಿ ಸಾಯುತ್ತಿರುವವರ ಲೆಕ್ಕ ಎತ್ತಿ, ಹೆಚ್ಚು ಸಕ್ಕರೆಗಾಗಿ ಜನರನ್ನು ದುಡಿಸಿ ಕೊಲ್ಲಲಾಗುತ್ತಿದೆ ಎಂದ. ಎದ್ದು ಉತ್ತರ ಕೊಟ್ಟವನು 23 ವರ್ಷದ ವಿಲಿಯಂ. ಪಾರ್ಲಿಮೆಂಟಿನಲ್ಲಿ ಅವನ ಮೊದಲ ದೊಡ್ಡ ಭಾಷಣ ಅಪ್ಪನ ಎಸ್ಟೇಟಿನ ಸಮರ್ಥನೆ.

ಅದೇ ವರ್ಷ ಗುಲಾಮಗಿರಿ ರದ್ದತಿಯ ಕಾಯ್ದೆ ಆಯಿತು. ಅದರ ಒಳಗಿನ ವ್ಯವಸ್ಥೆಯನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ಬಿಡುಗಡೆ ಎಂಬ ಪದ ಅದನ್ನು ಮುಚ್ಚಿಬಿಡುತ್ತದೆ. 1834ರ ಆಗಸ್ಟ್ 1ರಿಂದ ಸುಮಾರು 8 ಲಕ್ಷ ಜನ ಕಾಗದದ ಮೇಲೆ ಸ್ವತಂತ್ರರು. ಆದರೆ ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಅಪ್ರೆಂಟಿಸ್ ಎಂಬ ಹೊಸ ಹೆಸರಿನಲ್ಲಿ ಹಳೆಯ ಧಣಿಗೇ ವಾರಕ್ಕೆ 45 ಗಂಟೆ ಸಂಬಳವಿಲ್ಲದೆ ದುಡಿಯಬೇಕು. ಗದ್ದೆಯವರಿಗೆ ಆರು ವರ್ಷವೆಂದು ಇಟ್ಟಿದ್ದ ಈ ಅವಧಿ 1838ರಲ್ಲಿ ಮೊಟಕಾಯಿತು. ಇನ್ನು ಪರಿಹಾರ. ಸರ್ಕಾರ 2 ಕೋಟಿ ಪೌಂಡ್ ತೆಗೆದಿಟ್ಟಿತು, ಆಗಿನ ಬ್ರಿಟಿಷ್ ಸರ್ಕಾರದ ಒಂದು ವರ್ಷದ ಖರ್ಚಿನ ಶೇ 40ರಷ್ಟು. ಒಂದು ಕಾಸೂ ಗುಲಾಮರಾಗಿದ್ದವರಿಗಲ್ಲ. ಎಲ್ಲವೂ ಧಣಿಗಳಿಗೆ, ಆಸ್ತಿ ಕೈಬಿಟ್ಟದ್ದಕ್ಕೆ.

ಫಾರಂಗಳಲ್ಲಿ ಮನುಷ್ಯರನ್ನು ದರ್ಜೆ ಮಾಡಿದ್ದರು. ಗದ್ದೆಯ ಆಳಿಗೆ ಒಂದು ದರ, ಕಸುಬುದಾರನಿಗೆ ಒಂದು, ಮನೆಗೆಲಸದವರಿಗೆ ಒಂದು, ಆರು ವರ್ಷದೊಳಗಿನ ಮಗುವಿಗೆ ಒಂದು, ಕೈಲಾಗದ ಮುದುಕರಿಗೆ ಒಂದು. ಹಿಂದಿನ ಮಾರಾಟದ ಬೆಲೆ ನೋಡಿ ಒಂದೊಂದು ವಸಾಹತಿಗೆ ಒಂದೊಂದು ಸರಾಸರಿ. ಗಯಾನಾದ ನೆಲದಲ್ಲಿ ಸಕ್ಕರೆ ಹುಲುಸಾದ್ದರಿಂದ ಅಲ್ಲಿಯ ಒಬ್ಬೊಬ್ಬ ಮನುಷ್ಯನಿಗೆ ಸರಾಸರಿ 50 ಪೌಂಡಿಗೂ ಹೆಚ್ಚು, ಜಮೈಕಾದಲ್ಲಿ 20ರ ಆಸುಪಾಸು. ಡೆಮರಾರಾ, ಜಮೈಕಾ ಎರಡೂ ಕಡೆ ಸೇರಿ 2,508 ಜನರ ಲೆಕ್ಕಕ್ಕೆ ಜಾನ್ ಗ್ಲ್ಯಾಡ್‌ಸ್ಟನ್‌ಗೆ ಬಂದದ್ದು 1,06,769 ಪೌಂಡ್. ಆ ಪರಿಹಾರ ಪಡೆದವರಲ್ಲೇ ಅವನದು ಅತಿ ದೊಡ್ಡ ಮೊತ್ತಗಳಲ್ಲೊಂದು. ಪರಿಹಾರ ಕೊಡಲು ಸರ್ಕಾರ ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ಅಂದರೆ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವ ವೆಸ್ಟ್ ಇಂಡೀಸ್ ಮೂಲದವರು, ನಮ್ಮ ಬೆಂಗಳೂರು ಮಂಗಳೂರಿನಿಂದ ಹೋಗಿ ಅಲ್ಲಿ ನೆಲೆಸಿದವರು, ಎಲ್ಲರೂ ಆ ವರ್ಷದವರೆಗೆ ಈ ಸಾಲಕ್ಕೆ ತಮ್ಮ ಪಾಲು ಸಲ್ಲಿಸಿದ್ದಾರೆ.

ಇಲ್ಲೊಂದು ಮಾತು ಸೇರಿಸಬೇಕು. ಆ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಅನ್ವಯಿಸುವುದಿಲ್ಲವೆಂದು ಕಾಯ್ದೆಯಲ್ಲೇ ಬರೆದಿತ್ತು. ಕೆನರಾ ಜಿಲ್ಲೆಯಲ್ಲಿ, ಕೊಡಗಿನಲ್ಲಿ, ಜಮೀನಿನ ಜೊತೆಗೇ ಕೈ ಬದಲಾಗುತ್ತಿದ್ದ ಮೂಲದಾಳುಗಳಿಗೆ, ಆ ತನಿಯ ತುಕ್ರರಿಗೆ, 1834ರ ಆಗಸ್ಟ್ 1 ಎಂದಿನಂಥದೇ ಒಂದು ದಿನ. ಗುಲಾಮಗಿರಿಗೆ ಕೋರ್ಟು ಮಾನ್ಯತೆ ಕೊಡಬಾರದೆಂಬ ಕಾಯ್ದೆ ಭಾರತಕ್ಕೆ ಬಂದದ್ದು 1843ರಲ್ಲಿ, ಅದು ಅಪರಾಧವಾದದ್ದು 1860ರ ದಂಡ ಸಂಹಿತೆಯಲ್ಲಿ.

ಕಲ್ಕತ್ತಕ್ಕೆ ಒಂದು ಪತ್ರ

1836ರ ಜನವರಿ 4ರಂದು ಜಾನ್ ಕಲ್ಕತ್ತದ ಗಿಲ್ಯಾಂಡರ್ಸ್ ಆರ್ಬತ್‌ನಾಟ್ ಕಂಪನಿಗೆ ಪತ್ರ ಬರೆದ. ಅದು ಅವನ ನಂಟರಿದ್ದ ಕಂಪನಿ. ಅಪ್ರೆಂಟಿಸ್ ಅವಧಿ ಮುಗಿದರೆ ಕರಿಯರು ಎಸ್ಟೇಟಿನಲ್ಲಿ ನಿಲ್ಲುತ್ತಾರೋ ಇಲ್ಲವೋ, ಆದ್ದರಿಂದ ಐದಾರು ವರ್ಷದ ಕರಾರಿನ ಮೇಲೆ ನೂರು ಕೂಲಿಗಳನ್ನು ಕಳಿಸಬಹುದೇ ಎಂದು ಕೇಳಿದ. ಅಲ್ಲಿಂದ ಬಂದ ಉತ್ತರ, ಓದಿದವರಿಗೆ ಮೈ ಉರಿಯುವಂಥದು. ಛೋಟಾ ನಾಗಪುರದ ಗುಡ್ಡಗಾಡಿನವರನ್ನು ಕಳಿಸುವುದು ಸುಲಭ, ಹೋಗುವ ಊರು ಎಲ್ಲಿದೆ, ಪಯಣ ಎಷ್ಟು ದೂರ ಎಂಬುದು ಅವರಿಗೆ ತಿಳಿದೇ ಇರುವುದಿಲ್ಲ, ಅವರು ಮನುಷ್ಯನಿಗಿಂತ ಮಂಗಕ್ಕೆ ಹತ್ತಿರದವರು ಎಂದು ಆ ಕಂಪನಿ ಬರೆದಿತ್ತು.

ನಮ್ಮಲ್ಲಿ ಕೂಲಿ ಎಂದರೆ ದುಡಿಮೆಗೆ ಕೊಡುವ ಹಣ. ಆ ಪತ್ರಗಳಲ್ಲಿ ಅದು ಮನುಷ್ಯನ ಹೆಸರೇ ಆಗಿಬಿಟ್ಟಿತು. ಗಯಾನಾದಲ್ಲಿ ಇವತ್ತಿಗೂ ಅದು ಬೈಗುಳ.

1838ರ ಜನವರಿಯಲ್ಲಿ ಕಲ್ಕತ್ತದಿಂದ ವಿಟ್‌ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು ಹೊರಟವು. ಒಟ್ಟು 414 ಜನ, ಹೆಂಗಸರು ಬೆರಳೆಣಿಕೆಯಷ್ಟು. ಹದಿನೆಂಟು ಮಂದಿ ದಾರಿಯಲ್ಲೇ ತೀರಿಕೊಂಡರು. ಮೇ 5ರಂದು ಗಯಾನಾ ಸೇರಿದವರು 396. ಅಪ್ರೆಂಟಿಸ್ ಪದ್ಧತಿ ಕೊನೆಯಾಗಲು ಇನ್ನೂ ಮೂರು ತಿಂಗಳಿತ್ತು. ಅಂದರೆ ಹಳೆಯ ಆಳುಗಳು ಹೊರಗೆ ಕಾಲಿಡುವ ಮುಂಚೆಯೇ ಹೊಸ ಆಳುಗಳು ಒಳಗೆ ಬಂದಾಗಿತ್ತು. ಬಂದವರಲ್ಲಿ ಒಂದು ಗುಂಪನ್ನು ವ್ರೀಡನ್‌ಹೂಪಿಗೆ ಒಯ್ದರು. ಗಯಾನಾದ ಎಸ್ಟೇಟುಗಳಲ್ಲಿ ಭಾರತೀಯರಿಗೆ ಸಿಕ್ಕಿದ್ದು ಗುಲಾಮರು ಇದ್ದ ಅವೇ ಉದ್ದನೆಯ ವಠಾರಗಳು, ಅಲ್ಲಿ ಅದಕ್ಕೆ ಲೋಜಿ ಅನ್ನುತ್ತಾರೆ. ಕೊಡಗು ಚಿಕ್ಕಮಗಳೂರಿನ ಕಾಫಿ ಎಸ್ಟೇಟಿನ ಲೈನ್ ಮನೆ ಕಂಡವರಿಗೆ ಅದರ ಚಿತ್ರ ಕಣ್ಣಿಗೆ ಬರುತ್ತದೆ. ಒಂದೇ ಸೂರು, ಸಾಲು ಬಾಗಿಲು, ಮುಂದೆ ಕೆಸರು.

1839ರಲ್ಲಿ ಗುಲಾಮಗಿರಿ ವಿರೋಧಿ ಕಾರ್ಯಕರ್ತ ಜಾನ್ ಸ್ಕೋಬಲ್ ಆ ಎಸ್ಟೇಟುಗಳಿಗೆ ಹೋಗಿ ನೋಡಿದ. ಆಗ ಹೊರಬಂದ ಸಾಕ್ಷ್ಯಗಳಲ್ಲಿ ಎಲಿಜಬೆತ್ ಸೀಸರ್ ಎಂಬ ಕರಿಯ ಹೆಂಗಸಿನದೂ ಇದೆ. ಓಡಿಹೋದ ಕೂಲಿಗಳನ್ನು ಹಿಡಿದು ತಂದು ಆಸ್ಪತ್ರೆಯ ಕೋಣೆಯಲ್ಲಿ ಕೂಡಿಹಾಕಿದರು, ಬೆಳಿಗ್ಗೆ ಮ್ಯಾನೇಜರನ ಮನೆಯ ಕಂಬಕ್ಕೆ ಕಟ್ಟಿ ಒಂಬತ್ತು ಬಾಲದ ಚಾವಟಿಯಲ್ಲಿ ಹೊಡೆದರು, ಎಷ್ಟು ಏಟು ಎಂದು ಹೇಳಲಾರೆ, ಸಾಕಷ್ಟು ಹೊಡೆದರು, ರಕ್ತ ಕಂಡೆ, ಆಮೇಲೆ ಬೆನ್ನಿಗೆ ಉಪ್ಪುನೀರು ತಿಕ್ಕಿದರು. ಇದು ಆಕೆಯ ಮಾತಿನ ಸಾರ. ಆ ಜನರ ಭಾಷೆ ಆಕೆಗೆ ಬರುತ್ತಿರಲಿಲ್ಲ, ಅವರ ದೇವರು ಆಕೆಗೆ ಗೊತ್ತಿರಲಿಲ್ಲ. ಆ ಕಂಬ ಮಾತ್ರ ಆ ನಾಡಿನ ಪ್ರತಿ ಕರಿಯ ಹೆಂಗಸಿಗೂ ಗೊತ್ತಿತ್ತು. ಗಯಾನಾದಲ್ಲಿ ಆಮೇಲಿನ ದಿನಗಳಲ್ಲಿ ಕರಿಯರನ್ನೂ ಭಾರತೀಯರನ್ನೂ ಒಬ್ಬರ ಮೇಲೊಬ್ಬರು ಎತ್ತಿಕಟ್ಟಿ ಆಳಿದರು. ಅದರ ಉರಿ ಇನ್ನೂ ಆರಿಲ್ಲ. ಹಾಗಾಗಿ ನಮ್ಮವರ ಬೆನ್ನಿಗೆ ಮೊದಲು ಸಾಕ್ಷಿ ನಿಂತವಳು ಎಲಿಜಬೆತ್ ಸೀಸರ್ ಎಂಬುದನ್ನು ನಾವು ನೆನಪಿಡಬೇಕು.

ಕರಾರು ಮುಗಿದಾಗ, 1843ರಲ್ಲಿ, 236 ಜನ ಭಾರತಕ್ಕೆ ಮರಳಿದರು. ಅರವತ್ತು ಮಂದಿ ಅಲ್ಲೇ ಉಳಿದರು. ನೂರರ ಹತ್ತಿರ ಜನ ಮಣ್ಣಾಗಿದ್ದರು. ಹಗರಣದಿಂದಾಗಿ ನಿಂತಿದ್ದ ಸಾಗಣೆ 1845ರಲ್ಲಿ ಮತ್ತೆ ಶುರುವಾಯಿತು, ಈಗ ಮದ್ರಾಸ್ ಬಂದರಿನಿಂದಲೂ. 1917ರಲ್ಲಿ ನಿಲ್ಲುವಷ್ಟರಲ್ಲಿ ಗಯಾನಾಕ್ಕೆ ಹೋದ ಭಾರತೀಯರು ಸುಮಾರು 2,39,000. ಕನ್ಹಾಯ್ ಹುಟ್ಟಿದ ಪೋರ್ಟ್ ಮೂರಂಟ್ ಕೂಡ ಒಂದು ಕಬ್ಬಿನ ಎಸ್ಟೇಟು.

ಇತ್ತ ಬಿಡುಗಡೆಯಾದ ಕರಿಯರು ಏನು ಮಾಡಿದರು? 1839ರಲ್ಲಿ ಐದು ಎಸ್ಟೇಟುಗಳ 83 ಮಂದಿ ಕಾಸಿಗೆ ಕಾಸು ಕೂಡಿಸಿ, ನಾಣ್ಯಗಳನ್ನು ತಳ್ಳುಗಾಡಿಯಲ್ಲಿ ತುಂಬಿಕೊಂಡು ಹೋಗಿ, ನಾರ್ತ್‌ಬ್ರೂಕ್ ಎಂಬ ಪಾಳುಬಿದ್ದ ಎಸ್ಟೇಟನ್ನೇ ಕೊಂಡರು. ಈಗ ಅದು ವಿಕ್ಟೋರಿಯಾ ಎಂಬ ಊರು. ಇವರ ಅಜ್ಜ ಅಜ್ಜಿಯರು ಅಗೆದ ಕಾಲುವೆ, ಇವರೇ ಎತ್ತಿದ ದಂಡೆ. ದುಡ್ಡು ಕೊಟ್ಟು ಕೊಳ್ಳಬೇಕಾಯಿತು.

ಮನೆತನ ಮರಳಿ ಬಂದ ದಿನ

ಜಾನ್ ಗ್ಲ್ಯಾಡ್‌ಸ್ಟನ್ ಡೆಮರಾರಾದ ಆಸ್ತಿಯನ್ನು ಮಾರಿ ಕೈತೊಳೆದುಕೊಂಡ. 1846ರಲ್ಲಿ ಸರ್ ಪದವಿ ಸಿಕ್ಕಿತು, 1851ರಲ್ಲಿ ಸ್ಕಾಟ್ಲೆಂಡಿನ ತನ್ನ ಬಂಗಲೆಯಲ್ಲಿ ತೀರಿಕೊಂಡ. ವಿಲಿಯಂನ ಓದು, ಚುನಾವಣೆ, ಸಂಸಾರ ಎಲ್ಲಕ್ಕೂ ಆ ಹಣದ ಆಸರೆಯಿತ್ತು. ವಯಸ್ಸಾದ ಮೇಲೆ ವಿಲಿಯಂ ಗುಲಾಮಗಿರಿಯನ್ನು ಖಂಡಿಸಿ ಮಾತಾಡಿದ. ಉದಾರವಾದಿ ನಾಯಕನೆಂದು ಹೆಸರಾದ. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗ ಬ್ರಿಟನ್ನಿನ ಪ್ರಧಾನಿ ಇವನೇ, ವೈಸರಾಯ್ ಆಗಿದ್ದ ರಿಪನ್‌ನನ್ನು ಭಾರತಕ್ಕೆ ಕಳಿಸಿದವನೂ ಇವನೇ.

2023ರ ಆಗಸ್ಟ್ 25ರಂದು, ದಂಗೆಗೆ ಇನ್ನೂರು ವರ್ಷ ತುಂಬಿದ ತಿಂಗಳಲ್ಲಿ, ಜಾನ್‌ನ ವಂಶದ ಕೆಲವರು ಗಯಾನಾದ ರಾಜಧಾನಿ ಜಾರ್ಜ್‌ಟೌನಿಗೆ ಬಂದರು. ವಿಲಿಯಂನ ಮರಿಮೊಮ್ಮಗನ ಮಗ ಚಾರ್ಲ್ಸ್ ಗ್ಲ್ಯಾಡ್‌ಸ್ಟನ್ ಗಯಾನಾ ವಿಶ್ವವಿದ್ಯಾಲಯದಲ್ಲಿ ನಿಂತು, ಗುಲಾಮಗಿರಿಗಾಗಿಯೂ ಕರಾರು ಕೂಲಿಯ ಪದ್ಧತಿಗಾಗಿಯೂ ಕ್ಷಮೆ ಕೇಳಿದರು. ಬಂದದ್ದು ಸಣ್ಣ ಮಾತಲ್ಲ. ಬಹಳ ಮನೆತನಗಳು ಬಾಯಿ ಬಿಟ್ಟಿಲ್ಲ. ವಿಶ್ವವಿದ್ಯಾಲಯದ ಸಂಶೋಧನೆಗೆ 1 ಲಕ್ಷ ಪೌಂಡ್ ಕೊಡುವುದಾಗಿ ಕುಟುಂಬ ಹೇಳಿತು. ಅವರ ಹಿರಿಯ ಪಡೆದದ್ದು 1,06,769. ಅಂದಿನ ಪೌಂಡಿನ ಬೆಲೆ ಬೇರೆ, ಇಂದಿನದು ಬೇರೆ. ಅಧ್ಯಕ್ಷ ಇರ್ಫಾನ್ ಅಲಿ ಹಿಂದಿನ ದಿನವೇ, ಗುಲಾಮಗಿರಿಯಿಂದ ಲಾಭ ಪಡೆದವರ ವಂಶಸ್ಥರು ಪರಿಹಾರ ಕೊಡಬೇಕೆಂದು ಹೇಳಿದ್ದರು. ಸಭೆಯಲ್ಲಿ ಕೆಲವರು ಫಲಕ ಹಿಡಿದು ಎದ್ದು ನಿಂತು ಕೂಗಿದರು. ಕ್ಷಮೆ ಒಪ್ಪುವುದೋ ಬಿಡುವುದೋ ಅವರಿಗೆ ಬಿಟ್ಟದ್ದು, ದೂರದಲ್ಲಿ ಕೂತ ನಾವು ಹೇಳುವಂಥದಲ್ಲ.

ಸಕ್ಸೆಸ್, ವ್ರೀಡನ್‌ಹೂಪ್, ಲ ರೆಸೂವನೀರ್ ಈಗ ಊರುಗಳ ಹೆಸರು. ಅಲ್ಲಿ ಮಂದಿರ, ಚರ್ಚು, ಮಸೀದಿ, ಕಾಲುವೆಯ ಮೇಲೆ ಅದೇ ಕೋಕರ್ ಬಾಗಿಲು. ಜಾರ್ಜ್‌ಟೌನಿನಲ್ಲಿ ಗವರ್ನರ್ ಮರ್ರೇಯ ಹೆಸರಿನ ಒಂದು ರಸ್ತೆಯಿತ್ತು. ಆ ಫಲಕ ತೆಗೆದು ಹೊಸತು ಹಾಕಿದ್ದಾರೆ. ಈಗ ಅದು ಕ್ವಾಮಿನಾ ಸ್ಟ್ರೀಟ್.